ದಿನಬಳಕೆಯ ಹೆರಾಲ್ಡು

ಬೆಳಿಗ್ಗೆ ಏಳರ ಹೊತ್ತಿಗೆ ಗೌಡರ ಫೋನು ಬಂದರೆ ನಾನು ಹಲೋ ಅನ್ನುವುದನ್ನು ಬಿಟ್ಟು ವರ್ಷವಾಯಿತು. ‘ಎಲ್ಲಿ ನಿಂತಿದೆ?’ ಅಂತಲೇ ಶುರು ಮಾಡುತ್ತೇನೆ. ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ‘ಹ್ಯಾಂಡ್‌ಪೋಸ್ಟ್ ಹತ್ರ ಮಾರಾಯ. ಬರ್ತಾ ಒಂದು ಒಣ ಬಟ್ಟೆ ತಾ. ಒಬ್ನೇ ಬರಬೇಡ, ಯಾರನ್ನಾದ್ರೂ ಕರ್ಕೊಂಡು ಬಾ’ ಅನ್ನುತ್ತಾರೆ. ಒಣ ಬಟ್ಟೆ ಡಿಸ್ಟ್ರಿಬ್ಯೂಟರ್ ಒರೆಸುವುದಕ್ಕೆ. ‘ಯಾರನ್ನಾದ್ರೂ’ ಅಂದದ್ದು ತಳ್ಳುವುದಕ್ಕೆ.

ಇವರನ್ನು ನೀವೂ ನೋಡಿರುತ್ತೀರಿ. ಚಿಕ್ಕಮಗಳೂರಿಂದ ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ ಹಾದು ಕಳಸದ ತನಕ ಹೋದರೆ ಇಂಥವರು ಒಬ್ಬರಾದರೂ ಬಾನೆಟ್ ಎತ್ತಿಕೊಂಡು ರಸ್ತೆ ಬದಿ ನಿಂತಿರುತ್ತಾರೆ. ವಯಸ್ಸು ಐವತ್ತೈದರ ಆಚೀಚೆ. ಇಪ್ಪತ್ತೈದು ಎಕರೆ ರೊಬಸ್ಟಾ, ಮರಕ್ಕೆ ಮೆಣಸಿನ ಬಳ್ಳಿ. ಮಗ ಬೆಂಗಳೂರಲ್ಲಿ, ಮಗಳು ಇನ್ನೂ ದೂರದಲ್ಲಿ. ಶೆಡ್ಡಿನಲ್ಲಿ ಒಂದು ಜೀಪು, ಒಂದು ಪಿಕಪ್ಪು. ಎರಡೂ ಕೀ ತಿರುಗಿಸಿದ ಕೂಡಲೇ ಹೊರಡುವ ಜಾತಿಯವು. ಆದ್ದರಿಂದಲೇ ಅವುಗಳ ಮೇಲೆ ಗೌಡರಿಗೆ ಮರ್ಯಾದೆ ಇಲ್ಲ. ‘ಕೀ ತಿರುಗಿಸಿದ್ರೆ ಹೊರಡತ್ತೆ ಅಂದ್ರೆ ಅದಕ್ಕೆ ಡ್ರೈವರ್ ಬೇರೆ ಯಾಕೆ?’ ಅನ್ನುವುದು ಅವರ ವಾದ.

ಕಾಯಿಲೆ ಶುರುವಾದದ್ದು ರೇಟಿನಿಂದ. ಕಾಫಿ ಬೆಳೆಗಾರನಿಗೆ ಕಾರಿನ ಹುಚ್ಚು ಹಿಡಿಸುವುದು ಸಾವಿರಾರು ಮೈಲಿ ಆಚೆಯ ಹವಾಮಾನ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಕರಟಿಹೋದವು. ಅಷ್ಟರಲ್ಲಿ ಇಲ್ಲಿ ಕಾಫಿ ಬೋರ್ಡಿನ ಪೂಲ್ ಹಿಡಿತವೂ ಸಡಿಲವಾಗಿತ್ತು. ಅಲ್ಲಿ ಹಿಮ ಬಿತ್ತು, ಇಲ್ಲಿ ತೋಟದ ದಾರಿಗಳಿಗೆ ಹೊಸ ಕಾರು ಬಂತು. ಆದರೆ ಆಗ ಗೌಡರ ತಂದೆ ಇದ್ದರು. ದುಡ್ಡು ಅವರ ಟ್ರಂಕು ಬಿಟ್ಟು ಆಚೆ ಬರಲಿಲ್ಲ. ಮೂವತ್ತು ವರ್ಷ ಕಾದ ಮೇಲೆ, 2024ರಲ್ಲಿ ರೊಬಸ್ಟಾ ಚೆರಿ 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತು. ಈ ಸಲ ಟ್ರಂಕಿನ ಬೀಗದಕೈ ಗೌಡರ ಜೇಬಲ್ಲೇ ಇತ್ತು.

ಬುದ್ಧಿ ಇದ್ದವರು ಇಂಥ ವರ್ಷ ಕೆರೆಯ ಹೂಳು ತೆಗೆಸುತ್ತಾರೆ, ಸೊಸೈಟಿ ಸಾಲ ತೀರಿಸುತ್ತಾರೆ. ಗೌಡರು, ‘ಒಂದು ಹಳೇ ಸ್ಪೋರ್ಟ್ಸ್ ಕಾರ್ ತಗೋಬೇಕು ಕಣೋ. ಶೋಕಿಗಲ್ಲ. ದಿನಾ ಓಡಿಸೋಕೆ’ ಅಂದರು. ಚಿಕ್ಕಮಗಳೂರಿನ ತೋಟಗಳಲ್ಲಿ ರ‍್ಯಾಲಿ ನಡೆದಾಗಲೆಲ್ಲ ಯಾವುದಾದರೂ ತಿರುವಿನ ಬರೆಯ ಮೇಲೆ ಕೊಡೆ ಹಿಡಿದು ನಿಂತು, ಕೆಸರು ಸಿಡಿಸಿಕೊಂಡು, ‘ನಾನಾಗಿದ್ರೆ ಇಲ್ಲಿ ಸೆಕೆಂಡ್ ಗೇರಲ್ಲೇ ಬರ್ತಿದ್ದೆ’ ಅಂದ ಮನುಷ್ಯ. ಆಸೆ ಇಂದಿನದಲ್ಲ.

ಸಿಕ್ಕಿದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. 1967ರ ಮಾಡೆಲ್, ಎರಡು ಬಾಗಿಲು, 948 ಸಿಸಿ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇಲ್ಲಿ ಮಾಡಿ ಮಾರುತ್ತಿತ್ತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸಂಭಾವಿತ ಕಾರು ಅದು. ಸ್ಪೋರ್ಟ್ಸ್ ಕಾರು ಹೇಗಾಗುತ್ತದೆ ಅಂತ ನಾನು ಒಂದೇ ಒಂದು ಸಲ ಕೇಳಿದೆ. ಇದರ ಮೈಕಟ್ಟು ಬರೆದವನು ಇಟಲಿಯ ಮಿಕೆಲೊಟ್ಟಿ. ಇದರ ಚಾಸಿಯನ್ನೇ ಮೊಟಕು ಮಾಡಿ ಅದರ ಮೇಲೆ 1962ರಲ್ಲಿ ಸ್ಪಿಟ್‌ಫೈರ್ ಅನ್ನುವ ಅಸಲಿ ಸ್ಪೋರ್ಟ್ಸ್ ಕಾರು ಕಟ್ಟಿದರು. ಅದರ ಗೆರೆ ಎಳೆದವನೂ ಅವನೇ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ‘ತಮ್ಮ ಪೈಲ್ವಾನ ಆದ್ರೆ ಅಣ್ಣನ ಮೈಯಲ್ಲಿ ಇರೋದೂ ಅದೇ ರಕ್ತ ತಾನೆ?’ ಅಂದರು. ಅಣ್ಣ ಗುಮಾಸ್ತನಾಗಿ ರಿಟೈರಾಗಿದ್ದಾನೆ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಕಾರು ಇದ್ದದ್ದು ಕಳಸದ ಕಡೆ, ಒಂದು ಹಳೇ ಮನೆಯ ಸೌದೆ ಕೊಟ್ಟಿಗೆಯಲ್ಲಿ. ಸಾಕ್ಷಿಗೆ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಜೀಪಿನಲ್ಲಿ. ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ‘ಅಪ್ಪ ನಿಲ್ಲಿಸಿದ್ದು 1991ರಲ್ಲಿ. ಅವತ್ತು ಚೆನ್ನಾಗೇ ಓಡ್ತಿತ್ತು’ ಅಂದರು ಮಾರುವವರು. ಸುಳ್ಳೇನಲ್ಲ. ‘ಸ್ಟಾರ್ಟ್ ಆಗತ್ತಾ?’ ಅಂತ ಕೇಳಿದ್ದಕ್ಕೆ, ‘ಆಗದೆ ಏನು? ಬ್ಯಾಟರಿ ಒಂದಿಲ್ಲ ಅಷ್ಟೆ’ ಅಂದರು. ಬ್ಯಾಟರಿಯ ಜೊತೆಗೆ ಕಾರ್ಬೊರೇಟರೂ ಇರಲಿಲ್ಲ ಅನ್ನುವುದು ಮನೆಗೆ ತಂದ ಮೇಲೆ ತಿಳಿಯಿತು.

ಹಳೇ ಕಾರು ನೋಡುವ ಶಾಸ್ತ್ರವನ್ನು ಗೌಡರು ಆರು ತಿಂಗಳು ಓದಿಕೊಂಡಿದ್ದರು. ಹೆರಾಲ್ಡಿನ ಜೀವ ಇರುವುದು ಚಾಸಿಯಲ್ಲಿ. ಅದರ ಪಕ್ಕೆಗಳಿಗೆ ತುಕ್ಕು ಹಿಡಿದಿದ್ದರೆ ಮುಟ್ಟಲೇಬಾರದು ಅಂತ ದಾರಿಯುದ್ದಕ್ಕೂ ನನಗೇ ಪಾಠ ಹೇಳಿದ್ದರು. ಅಲ್ಲಿ ಅಂಗಾತ ಮಲಗಿ ಸ್ಕ್ರೂ ಡ್ರೈವರಿನಿಂದ ಕುಟ್ಟಿದರು. ಮೊದಲ ಏಟಿಗೆ ಟಣ್ ಅಂತು. ಎರಡನೆಯದಕ್ಕೆ ಟಪ್ ಅಂತು. ಮೂರನೆಯದಕ್ಕೆ ಸದ್ದೇ ಇಲ್ಲ. ಸ್ಕ್ರೂ ಡ್ರೈವರು ಹಿಡಿಯವರೆಗೂ ಒಳಗೆ ಹೋಗಿತ್ತು. ಮಲಗಿದ್ದಲ್ಲೇ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಎದ್ದು, ಬೆನ್ನಿಗೆ ಮೆತ್ತಿದ್ದ ಕೋಳಿ ಹಿಕ್ಕೆ ಕೊಡವಿಕೊಂಡು, ‘ಮೇಲ್ಮೇಲಿನ ತುಕ್ಕು’ ಅಂದರು. ಎರಡೂವರೆ ಲಕ್ಷಕ್ಕೆ ಮಾತಾಯಿತು. ಮರಿ ಮಾಡುವ ತನಕ ಕೋಳಿಯನ್ನು ಏಳಿಸಬಾರದು ಅಂತ ಆ ಮನೆಯ ಅಜ್ಜಿ ಹಟ ಹಿಡಿದದ್ದರಿಂದ ಕಾರು ಬಂದದ್ದು ಹದಿನೈದು ದಿನ ತಡವಾಗಿ, ಪಿಕಪ್ಪಿನ ಬೆನ್ನ ಮೇಲೆ.

ಕಾಗದಪತ್ರದ ಕತೆ ಬೇರೆ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಹೊಸ ನಿಯಮ ಮಾಡಿದೆ. ವಿಂಟೇಜ್ ಅಂತ ನೋಂದಾಯಿಸಿ, ನಂಬರಿನ ನಡುವೆ ‘ವಿಎ’ ಅಂತ ಎರಡಕ್ಷರ ಕೊಡುತ್ತಾರೆ. ಗೌಡರು ಆ ಎರಡಕ್ಷರಕ್ಕೆ ಮನಸೋತಿದ್ದರು, ಷರತ್ತು ಓದುವ ತನಕ. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲ್ ಹಾಕಿಸುವುದಕ್ಕೆ, ರಿಪೇರಿಗೆ ತೆಗೆಯಬಹುದು, ದಿನಬಳಕೆಗೆ ಇಲ್ಲ. ‘ಅಂದ್ರೆ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬರೋ ಹಾಗಿಲ್ವಾ?’ ಅಂತ ಕೆರಳಿದರು. ‘ರಿಪೇರಿಗೆ ಹೋಗಬಹುದು ಅಂತ ಇದೆಯಲ್ಲ ಗೌಡ್ರೆ, ನಿಮ್ಮದೇನಿದ್ದರೂ ಅದರಲ್ಲೇ ಬರುತ್ತೆ’ ಅಂದೆ. ಎರಡು ದಿನ ಮಾತು ಬಿಟ್ಟರು. ಕೊನೆಗೆ ಮಾಮೂಲಿ ದಾರಿಯೇ ಆಯಿತು: ಹಳೇ ನೋಂದಣಿಯ ನವೀಕರಣ, ಫಿಟ್‌ನೆಸ್ಸು, ಹಸಿರು ತೆರಿಗೆ. ಫಿಟ್‌ನೆಸ್ಸಿಗೆ ಚಿಕ್ಕಮಗಳೂರಿಗೆ ಹೋದ ದಿನ ಮೂವತ್ತು ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯಿತು.

ಇನ್ನು ದಿನಬಳಕೆ. ಹೆರಾಲ್ಡಿನಲ್ಲಿ ಒಂದು ದೊಡ್ಡ ಸೊಬಗಿದೆ, ಅದನ್ನು ಒಪ್ಪಲೇಬೇಕು. ಬಾನೆಟ್ ಅಂದರೆ ಬರೀ ಮುಚ್ಚಳವಲ್ಲ; ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಖವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು ಬಾಣಲೆಯಲ್ಲಿಟ್ಟ ಹಾಗೆ ಪೂರಾ ತೆರೆದು ಕಾಣುತ್ತದೆ. ಮುಂದಿನ ಟೈರಿನ ಮೇಲೆ ಕೂತೇ ರಿಪೇರಿ ಮಾಡಬಹುದು. ಗೌಡರು ಹಾಗೆ ಟೈರಿನ ಮೇಲೆ ಕೂತು, ಬೀಡಿಕಟ್ಟಿನ ಕಾಗದ ಮಡಚಿ ಪಾಯಿಂಟಿನ ಸಂದಿಗೆ ತೂರಿಸಿ ಗ್ಯಾಪ್ ನೋಡುವಾಗ ಸುತ್ತ ಹತ್ತು ಜನ ಸೇರಿರುತ್ತಾರೆ. ಬಾಳೂರಿನ ಹತ್ತಿರ ಒಮ್ಮೆ ಸರ್ಕಾರಿ ಬಸ್ಸೇ ನಿಂತಿತು. ಜೀಪಿನಲ್ಲಿ ಹೋಗಿದ್ದರೆ ಯಾವ ಕಂಡಕ್ಟರ್ ಇಳಿದು ಬಂದು ಮಾತಾಡಿಸುತ್ತಿದ್ದ?

ಎರಡನೇ ಸೊಬಗು ತಿರುಗುವುದು. ಇಪ್ಪತ್ತೈದು ಅಡಿ ಜಾಗ ಇದ್ದರೆ ಸಾಕು, ಗರ್ರನೆ ತಿರುಗುತ್ತದೆ. ಇದನ್ನು ತೋರಿಸಲು ಕೊಟ್ಟಿಗೆಹಾರದ ಹೋಟೆಲಿನ ಮುಂದೆ ಮೂರು ಸುತ್ತು ಹೊಡೆದರು. ಧರ್ಮಸ್ಥಳಕ್ಕೆ ಹೊರಟಿದ್ದ ಯಾತ್ರಿಕರು ಏನೋ ಹರಕೆ ಅಂದುಕೊಂಡು ದಾರಿ ಬಿಟ್ಟರು.

ಸೊಬಗಿನ ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ಲಿನವು. ಡಿಕ್ಕಿಗೆ ಎರಡು ಮೂಟೆ ಗೊಬ್ಬರ ಹಾಕಿದರೆ ಕಾರು ಕಪ್ಪೆಯ ಹಾಗೆ ಹಿಂಗಾಲು ಅಗಲಿಸಿ ಕೂರುತ್ತದೆ. ಎರಡೇ ಬಾಗಿಲು ಆದ್ದರಿಂದ ಗೌಡರ ಅತ್ತೆಯನ್ನು ಹಿಂದಿನ ಸೀಟಿಗೆ ಹತ್ತಿಸುವುದು ಒಂದು ಕೆಲಸ, ಇಳಿಸುವುದು ಇನ್ನೊಂದು. ಒಮ್ಮೆ ಹೊರನಾಡಿನಲ್ಲಿ, ‘ನಾನು ಇಲ್ಲಿಂದಲೇ ಕೈ ಮುಗೀತೀನಿ, ನೀವು ಹೋಗಿ ಬನ್ನಿ’ ಅಂದುಬಿಟ್ಟರು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಇಲ್ಲದಿದ್ದರೆ ಚೆನ್ನೈನ ಪುದುಪೇಟೆ, ಅಲ್ಲೂ ಇಲ್ಲದಿದ್ದರೆ ಲೇತಿನಲ್ಲಿ ಕಡೆಸುವುದು.

ಮುಂದಿನ ಚಕ್ರದ ಬುಡದಲ್ಲಿ ಟ್ರನಿಯನ್ ಅಂತ ಒಂದು ಹಿತ್ತಾಳೆಯ ಕೀಲು ಇದೆ. ಅದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್. ಗ್ರೀಸ್ ತುಂಬಿದರೆ ಒಳಗೇ ಒಣಗಿ, ಸವೆದು, ಒಂದು ದಿನ ಚಕ್ರ ಮಡಚಿಕೊಂಡು ಮಲಗುತ್ತದೆ. ಮೂಡಿಗೆರೆಯ ಮೆಕ್ಯಾನಿಕ್ ಸಾಬರು ನಲವತ್ತು ವರ್ಷದ ಅಭ್ಯಾಸದಲ್ಲಿ ಗ್ರೀಸ್ ಗನ್ ಎತ್ತಿದ್ದೇ ತಡ, ಗೌಡರು ಬಾವಿಗೆ ಮಗು ಬಿದ್ದವರ ಹಾಗೆ ಕೂಗಿದರು. ‘ಗೌಡ್ರೆ, ಮದುವೆ ದಿನಾನೂ ನೀವು ಇಷ್ಟು ಹೆದರಿರಲಿಲ್ಲ’ ಅಂದರು ಸಾಬರು.

ತಳ್ಳುವವರ ವಿಷಯಕ್ಕೆ ಬರೋಣ. ದಿನಬಳಕೆ ಅಂದರೆ ಗೌಡರು ಕಾರನ್ನು ದಿನಾ ಬಳಸುವುದು ಅಂತ ನಾವೆಲ್ಲ ತಿಳಿದಿದ್ದೆವು. ದಿನಾ ಬಳಕೆಯಾದವರು ನಾವು. ಅಸ್ಸಾಮಿನಿಂದ ಕೊಯ್ಲಿಗೆ ಬಂದ ಹುಡುಗರು ಮೊದಲು ಕಲಿತ ಕನ್ನಡ ‘ನೂಕು’, ಎರಡನೆಯದು ‘ಇನ್ನೊಂಚೂರು’. ಕಾಫಿ ಎಂಬ ಮಾತು ಮೂರನೇ ವಾರಕ್ಕೆ ಬಂತು.

ಹೋದ ಪುಷ್ಯ ಮಳೆಯಲ್ಲಿ ನಡೆದದ್ದು ಹೇಳಿಬಿಡುತ್ತೇನೆ. ಬಣಕಲ್ಲಿನಲ್ಲಿ ಗೌಡ್ತಿಯವರ ತವರಿನ ಕಡೆ ನಾಮಕರಣ. ಮೂರು ದಿನದಿಂದ ಕರೆಂಟಿಲ್ಲ, ಸೂರ್ಯನ ಮುಖ ಕಂಡು ವಾರ. ನಾನು ಹೋದಾಗ ಬಚ್ಚಲು ಒಲೆಯ ಮೇಲಿನ ಹಗ್ಗದಲ್ಲಿ ಕಂಬಳಿ, ಕಾಲುಚೀಲ ನೇತಾಡುತ್ತಿದ್ದವು. ಒಲೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಹಪ್ಪಳ ಆರಿಸಿದ ಹಾಗೆ ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರು, ನಾಲ್ಕು ಪ್ಲಗ್ಗು. ಗೌಡ್ತಿಯವರೇ ಎರಡೆರಡು ನಿಮಿಷಕ್ಕೆ ಅವನ್ನು ಮಗುಚಿ ಹಾಕುತ್ತಿದ್ದರು.

ಒಣಗಿದ್ದನ್ನು ಜೋಡಿಸಿ ಗೌಡರು ಸ್ವಿಚ್ ತಿರುಗಿಸಿದರು. ಕುಯ್ಯೋ ಕುಯ್ಯೋ ಅಂತು, ಹತ್ತಲಿಲ್ಲ. ಅಡುಗೆಮನೆಯಿಂದ ಗೌಡ್ತಿಯವರ ದನಿ ಬಂತು: ‘ರೀ, ಅದು ಕರೆಂಟಲ್ಲ, ಪೆಟ್ರೋಲು.’

‘ಒಲೆ ಮುಂದೆ ಕೂತು ಅವಳಿಗೇನು ಗೊತ್ತಾಗತ್ತೆ’ ಅಂತ ಗೌಡರು ಕ್ಯಾಪು ಬಿಚ್ಚಿ ಮತ್ತೆ ಬಚ್ಚಲಿಗೆ ಕಳಿಸಿದರು. ಎರಡನೇ ಸಲವೂ ಕುಯ್ಯೋ. ‘ಪೆಟ್ರೋಲು’ ಅಂತು ಅಡುಗೆಮನೆ. ಮೂರನೇ ಸಲ ಕ್ಯಾಪು ಕಳಿಸುವ ಹೊತ್ತಿಗೆ ನಾನು ಪೆಟ್ರೋಲ್ ಪಂಪಿನ ಗಾಜಿನ ಬಟ್ಟಲು ನೋಡಿದೆ. ಒಂದು ಹನಿ ಇಲ್ಲ. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಅರವತ್ತರ ದಶಕದ ರಬ್ಬರಿಗೆ ಅದು ಒಗ್ಗುವುದಿಲ್ಲ. ಪಂಪಿನ ಡಯಾಫ್ರಮ್ ಹರಿದು ಜೇನುಗೂಡಿನ ಹಾಗಾಗಿತ್ತು. ಗೌಡರು ನನ್ನ ಮುಖ ನೋಡದೆ ಡ್ಯಾಶ್‌ಬೋರ್ಡಿನ ಗೂಡಿನಿಂದ ಹೊಸದೊಂದನ್ನು ತೆಗೆದರು. ಅಲ್ಲಿ ಇನ್ನೂ ನಾಲ್ಕಿದ್ದವು.

ಪಂಪಿನ ಸಣ್ಣ ಲಿವರನ್ನು ಕೈಯಲ್ಲಿ ಆಡಿಸಿದ ಮೇಲೆ ಬಟ್ಟಲು ತುಂಬಿತು. ಅಷ್ಟರಲ್ಲಿ ಬ್ಯಾಟರಿ ಕೈ ಎತ್ತಿತ್ತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು, ಕಡುಬಿನ ಬುಟ್ಟಿ ಹಿಡಿದು ಗೌಡ್ತಿಯವರು ಬಂದರು. ಬುಟ್ಟಿಯನ್ನು ಪಕ್ಕದ ಸೀಟಿಗಿಟ್ಟು, ಸ್ಟೇರಿಂಗಿನ ಮುಂದೆ ತಾವೇ ಕೂತು, ಚೋಕ್ ಅರ್ಧ ಎಳೆದು, ‘ನೀವಿಬ್ರೂ ಹಿಂದೆ ಹೋಗಿ’ ಅಂದರು.

ಕಣದ ಇಳಿಜಾರಿನಲ್ಲಿ ತಳ್ಳಿದೆವು. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರು. ಕಾರು ಒಮ್ಮೆ ಕೆಮ್ಮಿ, ಬಿಳಿ ಹೊಗೆ ಉಗುಳಿ ಹೊರಟಿತು. ಹಿಂದಿನ ಚಕ್ರ ಎರಚಿದ ಕೆಸರು ನಮ್ಮಿಬ್ಬರ ಬಿಳಿ ಪಂಚೆಯ ಮೇಲೆ. ಗೇಟು ದಾಟಿತು, ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯಿತು, ಸಿಲ್ವರ್ ಮರಗಳ ಆಚೆ ಕಾಣದಾಯಿತು.

‘ನಿಲ್ಲಿಸ್ತಾರಾ?’ ಅಂದೆ.

‘ಛೆ! ನಿಲ್ಸಿದ್ರೆ ಆಫಾಗತ್ತಲ್ಲ’ ಅಂದರು ಗೌಡರು, ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಪಂಚೆಗೆ ಒರೆಸಿಕೊಳ್ಳುತ್ತ. ‘ಗೇರ್ ಹೇಗೆ ಹಾಕಿದ್ಲು ನೋಡಿದ್ಯಾ?’

ನಾವು ಜೀಪು ತೆಗೆದೆವು. ಕೀ ತಿರುಗಿಸಿದ ಕೂಡಲೇ ಹೊರಟಿತು. ಬಣಕಲ್ ಮುಟ್ಟುವ ತನಕ ಗೌಡರು ಒಂದು ಮಾತೂ ಆಡಲಿಲ್ಲ.