ಒಂದೇ ಕಮಾಂಡು, ಮಾವ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕಂತೆ. ಕಲ್ಲುಗುಂಡಿನಂತಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಕೂತಲ್ಲೇ ಅನರ್ಹವಾದವು. ಇಂಥ ಗಳಿಗೆಗೆಂದೇ ಪ್ರತಿ ಮನೆತನದಲ್ಲೂ ಒಬ್ಬ ಸೋದರಳಿಯ ಕಾದಿರುತ್ತಾನೆ. ಗೃಹಪ್ರವೇಶದ ಊಟಕ್ಕೆ ಬಂದರೂ ಜೇಬಿನಲ್ಲಿ ಉಬುಂಟು ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಇರುತ್ತದೆ. ನಿವೃತ್ತ ಮಾವ, "ನಂಗೇನೂ ಬೇಡಪ್ಪ, ಮೇಲ್ ನೋಡಕ್ಕೆ ಬಂದ್ರೆ ಸಾಕು" ಎಂದರೆ ಅವನು ತೋಳೇರಿಸುತ್ತಾನೆ. "ಅಷ್ಟೇನಾ ಮಾವ? ಒಂದೇ ಕಮಾಂಡು."

ಆ ಒಂದು ಕಮಾಂಡಿಗೆ ಮುಂಚೆ ಮತಜಿಜ್ಞಾಸೆ ನಡೆಯಬೇಕು. ಥಂಡರ್‌ಬರ್ಡೋ, ಎವಲ್ಯೂಷನ್ನೋ, ಕೆಮೇಲೋ, ಕ್ಲಾಸ್ ಮೇಲೋ? ಪರಮ ವೈರಾಗ್ಯವಂತರಿಗೆ 1995ರಿಂದ ಮಟ್ ಇದೆ. ಅದರಲ್ಲಿ ಕಿಟಕಿಯಿಲ್ಲ, ಚಿತ್ರವಿಲ್ಲ, ಎಲ್ಲವೂ ಕೀಲಿಮಣೆಯಲ್ಲೇ. ಮೇಲ್ ತಂತ್ರಾಂಶಗಳೆಲ್ಲ ದರಿದ್ರ, ನಮ್ಮದು ಸ್ವಲ್ಪ ಕಡಿಮೆ ದರಿದ್ರ ಎಂಬ ಅರ್ಥ ಬರುವಂತೆ ಅದನ್ನು ಮಾಡಿದವರೇ ಬರೆದುಕೊಂಡಿದ್ದಾರೆ. ಮುಕ್ತ ತಂತ್ರಾಂಶ ಲೋಕದಲ್ಲಿ ನಾನು ಕಂಡ ಏಕೈಕ ಪ್ರಾಮಾಣಿಕ ಜಾಹೀರಾತು ಇದು.

ಕೊನೆಗೆ ಥಂಡರ್‌ಬರ್ಡ್ ಎಂದು ತೀರ್ಮಾನವಾಯಿತು ಅನ್ನಿ. ಅಳಿಯ ಕಪ್ಪು ಪರದೆ ತೆರೆದು 'ಸುಡೊ ಆಪ್ಟ್ ಇನ್‌ಸ್ಟಾಲ್ ಥಂಡರ್‌ಬರ್ಡ್' ಎಂದು ಒತ್ತುತ್ತಾನೆ. ಅದು ಪಾಸ್‌ವರ್ಡ್ ಕೇಳುತ್ತದೆ. ಮಾವ ತೋರುಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾರೆ, ಪರದೆಯ ಮೇಲೆ ಏನೂ ಮೂಡುವುದಿಲ್ಲ. ಒಂದು ಚುಕ್ಕಿಯೂ ಇಲ್ಲ. "ಕೀಬೋರ್ಡ್ ಹೋಯ್ತೇನೋ?" "ಇಲ್ಲ ಮಾವ, ಅದು ಸೆಕ್ಯುರಿಟಿ." ಉದ್ದ ಎಷ್ಟೆಂದು ಕಳ್ಳನಿಗೆ ತಿಳಿಯಬಾರದಂತೆ. ಪಾಸ್‌ವರ್ಡೋ, ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲೇ ಇದೆ.

ಉಬುಂಟು 24.04ರಲ್ಲಿ ಇಲ್ಲೊಂದು ಕೈಚಳಕವುಂಟು. ನೀವು ಕೇಳಿದ್ದು ಆಪ್ಟ್ ಮೂಲಕ. ಒಳಗೆ ಬರುವುದು ಸ್ನ್ಯಾಪ್ ಎಂಬ ಬೇರೆ ಬಗೆಯ ಪೊಟ್ಟಣ. ಆಪ್ಟ್ ಭಂಡಾರದಲ್ಲಿ ಆ ಹೆಸರಿನಲ್ಲಿರುವುದು ಖಾಲಿ ಪೊಟ್ಟಣ. ಅದರ ಕೆಲಸ ಸ್ನ್ಯಾಪ್ ಅಂಗಡಿಗೆ ದಾರಿ ತೋರಿಸುವುದಷ್ಟೇ. ಒಂದು ಚಿಹ್ನೆಗೆ ಓಟು ಒತ್ತಿ, ರೆಸಾರ್ಟಿನಿಂದ ಬಸ್ ವಾಪಸ್ಸಾದಾಗ ಇನ್ನೊಂದು ಪಕ್ಷದ ಶಾಸಕನನ್ನು ಪಡೆದ ಮತದಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಪಕ್ಷಾಂತರ ಎರಡೆರಡು ವರ್ಷಕ್ಕೊಮ್ಮೆ ನೇಮದಂತೆ ನಡೆದಿದೆ: 20.04ರ ಹೊತ್ತಿಗೆ ಕ್ರೋಮಿಯಂ, 22.04ರಲ್ಲಿ ಫೈರ್‌ಫಾಕ್ಸ್, 24.04ರಲ್ಲಿ ಥಂಡರ್‌ಬರ್ಡ್. ಉಬುಂಟುವಿನಿಂದಲೇ ಹುಟ್ಟಿದ ಲಿನಕ್ಸ್ ಮಿಂಟ್ 2020ರಲ್ಲೇ ಸಿಟ್ಟಿಗೆದ್ದು ತನ್ನ ಮನೆಗೆ ಸ್ನ್ಯಾಪ್ ಬಾರದಂತೆ ಅಗುಳಿ ಹಾಕಿತು. ಬೇಕಾದವರು ಅಗುಳಿ ತೆಗೆದುಕೊಳ್ಳಬಹುದು, ಅದಕ್ಕೂ ಕಮಾಂಡಿದೆ. ಮೂರನೆಯವರು ಫ್ಲ್ಯಾಟ್‌ಪ್ಯಾಕ್ ಅನ್ನುತ್ತಾರೆ. ಮೂವರೂ ನಿಮ್ಮ ಪತ್ರಗಳನ್ನು ಇಡುವುದು ಮೂರು ಬೇರೆ ಬೇರೆ ಜಾಗದಲ್ಲಿ, ಮೂರೂ ಮಾಮೂಲಿ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ. ಸ್ವಾತಂತ್ರ್ಯವೆಂದರೆ ಇದೇ: ಕಳೆದುಕೊಳ್ಳುವ ಜಾಗವನ್ನೂ ನೀವೇ ಆರಿಸಬಹುದು.

ಇನ್ನು ಉಬುಂಟುವಿನ ಮೂಲಮನೆ ಡೆಬಿಯನ್ನಿನ ಕಥೆ. ಥಂಡರ್‌ಬರ್ಡಿನ ತವರಾದ ಮೊಜಿಲ್ಲಾದ ಲೋಗೊ ಸಾಕಷ್ಟು ಮುಕ್ತವಾಗಿಲ್ಲ ಎಂಬ ಜಗಳ 2006ರಲ್ಲಿ ಹೆಸರಿನವರೆಗೆ ಬೆಳೆದು, ಅಲ್ಲಿ ಫೈರ್‌ಫಾಕ್ಸ್ ಐಸ್‌ವೀಸಲ್ ಆಯಿತು, ಥಂಡರ್‌ಬರ್ಡ್ ಐಸ್‌ಡವ್ ಆಯಿತು. ತಂತ್ರಾಂಶ ಅದೇ, ಬೋರ್ಡು ಬೇರೆ. ರಾಜಿಯಾಗಿ ಥಂಡರ್‌ಬರ್ಡ್ ಸ್ವಂತ ಹೆಸರಿಗೆ ಮರಳಿದ್ದು 2017ರಲ್ಲಿ. ಅದರ ನಡುವೆ, 2012ರಲ್ಲಿ, ಇನ್ನು ಮುಂದೆ ಇದಕ್ಕೆ ಹೊಸದೇನೂ ಮಾಡಲಾರೆವು ಎಂದು ಮೊಜಿಲ್ಲಾವೇ ಕೈಚೆಲ್ಲಿತ್ತು. ಬಡಪಾಯಿ ಹಕ್ಕಿ ಬದುಕುಳಿದದ್ದು ಬಳಕೆದಾರರ ಚಂದಾ ದುಡ್ಡಿನಲ್ಲಿ. ಇದರ ಬಗ್ಗೆ ಮಾತ್ರ ನಾನು ವ್ಯಂಗ್ಯವಾಡಲಾರೆ. ಲೋಗೊಗಾಗಿ ಹತ್ತು ವರ್ಷ ಮಾತುಬಿಟ್ಟವರು ದುಡ್ಡಿಗೆ ಜೇಬಿಗೆ ಕೈಹಾಕಿದ್ದಾರೆಂದರೆ ಅದು ಪವಾಡವೇ.

ಇಷ್ಟೆಲ್ಲ ಆಗಿ ತಂತ್ರಾಂಶ ತೆರೆದುಕೊಂಡಿತು. ಮಾವ ಹೆಸರು ತುಂಬಿದರು, ಜಿಮೇಲ್ ವಿಳಾಸ ತುಂಬಿದರು. ಆಗ ಥಂಡರ್‌ಬರ್ಡಿನ ಹೊಟ್ಟೆಯೊಳಗಿಂದ ಪುಟ್ಟದೊಂದು ಕಿಟಕಿ ಎದ್ದಿತು: ಗೂಗಲ್‌ಗೆ ಲಾಗಿನ್ ಆಗಿ. ಮೈಕ್ರೋಸಾಫ್ಟ್ ಬಿಟ್ಟು, ಪಂಥ ಆರಿಸಿ, ಪೊಟ್ಟಣದ ಶುದ್ಧಾಶುದ್ಧ ವಿಚಾರಿಸಿ, ಕೊನೆಗೆ ಬಂದು ನಿಂತದ್ದು ಅಮೆರಿಕದ ಇನ್ನೊಬ್ಬ ಸಾಹುಕಾರನ ಹಜಾರದಲ್ಲಿ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವ ಹೊರಗಿನ ತಂತ್ರಾಂಶಗಳಿಗೆ 'ಕಡಿಮೆ ಸುರಕ್ಷಿತ ಆಪ್' ಎಂಬ ಬಿರುದು ಕೊಟ್ಟು ಆ ಸಾಹುಕಾರ 2022ರಲ್ಲಿ ಬಾಗಿಲು ಮುಚ್ಚಿದ. ಈಗ ಅವನ ಕಿಟಕಿಯಲ್ಲೇ, ಅವನ ಷರತ್ತಿಗೇ ತಲೆಯಾಡಿಸಬೇಕು. "ಸ್ವಂತ ಮೇಲ್ ಸರ್ವರ್ ಹಾಕೋಣ ಮಾವ" ಎನ್ನುತ್ತಾನೆ ಅಳಿಯ, ಬಾವಿ ತೋಡಿಸೋಣ ಎನ್ನುವಷ್ಟು ಸಲೀಸಾಗಿ. ಹಾಕಬಹುದು. ಎಸ್‌ಪಿಎಫ್, ಡಿಕಿಮ್ ಎಂಬ ಗುರುತಿನ ಚೀಟಿಗಳನ್ನೆಲ್ಲ ಹೊಂದಿಸಿ ಕಳಿಸಿದ ಮೊದಲ ಪತ್ರ ಜಿಮೇಲಿನ ಸ್ಪ್ಯಾಮಿಗೆ ಬಿದ್ದರೆ ಅಳಿಯನಲ್ಲಿ ಅದಕ್ಕೆ ಕಮಾಂಡಿಲ್ಲ.

ಅಂತೂ ಇನ್‌ಬಾಕ್ಸ್ ತುಂಬಿತು. ಮೇಲುಗಡೆಯೇ ಪಿಂಚಣಿದಾರರ ಸಂಘದ ಸುತ್ತೋಲೆ, ಜೊತೆಗೊಂದು ವರ್ಡ್ ಫೈಲು. ಒತ್ತಿದರೆ ಲಿಬ್ರೆಆಫೀಸ್ ತೆರೆದುಕೊಂಡಿತು. ಒಳಗಿರುವುದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ತಲೆಯ ಮೇಲೆ ಟೋಪಿ, ಚುಕ್ಕಿ, ಕೊಂಬು ಹೊತ್ತ ರೋಮನ್ ಅಕ್ಷರಗಳು ಪುಟಗಟ್ಟಲೆ ಸಾಲುಗಟ್ಟಿ ನಿಂತಿವೆ. ಸಂಘದ ಕಚೇರಿಯಲ್ಲಿ ಇಂದಿಗೂ ಹಳೆಯ ನುಡಿ ಫಾಂಟಿನಲ್ಲೇ ಟೈಪಿಂಗು. ಲಿನಕ್ಸಿನಲ್ಲಿ ಕನ್ನಡಕ್ಕೆ ಗುಬ್ಬಿ ಇದೆ, ನವಿಲು ಇದೆ, ಲೋಹಿತ್ ಇದೆ; ಆದರೆ ಅವೆಲ್ಲ ಯೂನಿಕೋಡ್ ಬಲ್ಲವು, ಈ ಗೂಢಲಿಪಿ ಅವಕ್ಕೆ ದಕ್ಕುವುದಿಲ್ಲ. ಅಳಿಯ ಕುರ್ಚಿ ಎಳೆದುಕೊಂಡು ಯೂನಿಕೋಡ್ ಮಹಾತ್ಮೆಯ ಮೊದಲ ಅಧ್ಯಾಯ ಶುರುಮಾಡಿದ. ಮಾವ ಎರಡನೆಯದನ್ನು ಕಾಯಲಿಲ್ಲ. ಫೋನೆತ್ತಿ ಸಂಘದ ಕಾರ್ಯದರ್ಶಿಗೆ, "ಸ್ವಾಮಿ, ಆ ಸುತ್ತೋಲೆಯದೊಂದು ಫೋಟೊ ಹೊಡೆದು ವಾಟ್ಸಾಪಿಗೆ ಹಾಕ್ಬಿಡಿ" ಎಂದರು.