ಡಬ್ಬಿಮೀಮಾಂಸೆ ಎಂಬ ರಿಕ್ತಪಾತ್ರ ಪುನರ್ಜನ್ಮ ವಿಚಾರ

ಖಾಲಿಯಾದ ಮಾತ್ರಕ್ಕೆ ಯಾವ ಡಬ್ಬಿಯೂ ಸಾಯುವುದಿಲ್ಲ ಎಂಬುದು ಈ ಶಾಸ್ತ್ರದ ಮೂಲಸೂತ್ರ. ಒಳಗಿನ ಪದಾರ್ಥ ನಶ್ವರ, ಡಬ್ಬಿ ನಿತ್ಯ. 1873ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಹಾರ್ಲಿಕ್ ಸೋದರರು ಒಂದು ಪುಡಿಯ ವ್ಯಾಪಾರ ಶುರುಮಾಡಿದರೆಂದು ಚರಿತ್ರಕಾರರು ಬರೆಯುತ್ತಾರೆ. ನಮ್ಮ ಸಂಪ್ರದಾಯ ಇದನ್ನು ಒಪ್ಪುವುದಿಲ್ಲ. ಹಾರ್ಲಿಕ್ಸ್ ಎಂದರೆ ಹುಣಸೆಹಣ್ಣು ಇಡುವ ಗಾಜಿನ ಬಾಟಲಿ; ಪುಡಿಯು ಸಾಗಣೆಯಲ್ಲಿ ಬಾಟಲಿ ಒಡೆಯದಿರಲೆಂದು ತುಂಬಿದ ಹೊಟ್ಟು. 1937ರಲ್ಲಿ ಬಂದ ಡಾಲ್ಡಾದ ವಿಷಯವೂ ಹೀಗೆಯೇ. ವನಸ್ಪತಿಯ ಗುಣಾವಗುಣಗಳಲ್ಲಿ ಪಂಡಿತರಿಗೆ ಒಮ್ಮತವಿಲ್ಲ, ಹಳದಿ ಡಬ್ಬದ ವಿಷಯದಲ್ಲಿ ಉಂಟು: ಅಕ್ಕಿ ಅಳೆಯಲು, ತುಳಸಿ ನೆಡಲು, ಬೆಳಗಿನ ಹೊತ್ತು ನೀರು ಹಿಡಿದು ಬಯಲ ಕಡೆ ಹೋಗಲು. ಒಂದೇ ಡಬ್ಬ ಮೂರನ್ನೂ ಮಾಡಕೂಡದೆಂಬುದನ್ನು ಹೇಳದೆಯೂ ತಿಳಿಯಬೇಕು.

ಡಬ್ಬಿಯೊಳಗೆ ಏನಿದೆ ಎಂಬ ಜ್ಞಾನ ಹುಟ್ಟುವುದು ಹೇಗೆ? ಇಲ್ಲಿ ನೈಯಾಯಿಕರ ಐದು ಅವಯವಗಳ ಅನುಮಾನವನ್ನೇ ಹೂಡಬಹುದು. ಪ್ರತಿಜ್ಞೆ: ಈ ನೀಲಿ ತಗಡಿನ ಡಬ್ಬಿಯಲ್ಲಿ ಬಿಸ್ಕತ್ತಿಲ್ಲ. ಹೇತು: ಮುಚ್ಚಳದ ಮೇಲೆ ಬಿಸ್ಕತ್ತಿನ ಚಿತ್ರವಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಬಿಸ್ಕತ್ತಿನ ಚಿತ್ರವೋ ಅಲ್ಲಲ್ಲಿ ಸೂಜಿ, ದಾರ, ಅಂಗಿಯ ಗುಂಡಿ, ದುಬೈಯಿಂದ ಅತ್ತೆ ತಂದ ಡಬ್ಬಿಯಲ್ಲಿದ್ದಂತೆ. ಉಪನಯ: ಇದೂ ಅಂಥದ್ದೇ. ನಿಗಮನ: ಆದ್ದರಿಂದ ಇದರಲ್ಲಿ ಬಿಸ್ಕತ್ತಿಲ್ಲ, ಪುಟ್ಟಾ, ಮುಚ್ಚಿಡು.

ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದವರು ಮಂಜನ್ನೇ ಹೊಗೆಯೆಂದು ಭ್ರಮಿಸಿರಬಹುದು. ಡಬ್ಬಿಯ ವ್ಯಾಪ್ತಿಯಲ್ಲಿ ಅಂಥ ವ್ಯಭಿಚಾರದೋಷ ಈವರೆಗೆ ಕಂಡಿಲ್ಲ. ಫ್ರೀಜರಿನ ಐಸ್‌ಕ್ರೀಮ್ ಡಬ್ಬಿ ಈ ಸಿದ್ಧಾಂತದ ಕ್ರೂರ ಉಪಶಾಖೆ: ಉಳಿದ ಕಾಲದಲ್ಲಿ ತೆಂಗಿನ ತುರಿ, ಅವರೆಕಾಯಿಯ ಕಾಲ ಬಂತೆಂದರೆ ಬೆಂಗಳೂರು, ಕೋಲಾರದ ಕಡೆ ಹಿತಕಿದ ಬೇಳೆ. ಮಕ್ಕಳಿಗೆ ವೈರಾಗ್ಯದ ಮೊದಲ ಪಾಠ ಇಲ್ಲಿಯೇ ಆಗುತ್ತದೆ.

ಪ್ರತ್ಯಕ್ಷ, ಅನುಮಾನ ಎರಡೂ ಸೋತಲ್ಲಿ ಶಬ್ದಪ್ರಮಾಣವೇ ಗತಿ. ಅಂದರೆ ಮನೆಯೊಡತಿಯ ಮಾತು. ಆಕೆ ಮಗಳ ಬಾಣಂತನಕ್ಕೆಂದು ಊರಿಗೆ ಹೋದಳೋ, ಯಜಮಾನರು ಒಲೆಯ ಮುಂದೆ ನಿಂತು ಫೋನಿನಲ್ಲಿ ಶ್ರುತಿ ಕೇಳಬೇಕು. “ರೀ, ರವೆ ಬೋರ್ನ್‌ವಿಟಾದಲ್ಲಿದೆ. ಕಿಸಾನ್ ಮುಟ್ಟಬೇಡಿ, ಅದು ಬಟ್ಟೆ ಸೋಡಾ.” ಹಾಗಾದರೆ ಬೋರ್ನ್‌ವಿಟಾ ಎಲ್ಲಿ ಎಂದು ಅವರು ಕೇಳಿದರೆ, “ಅದು ಹೋದ ತಿಂಗಳೇ ಮುಗೀತಲ್ಲ!” ಯಾವ ಡಬ್ಬಿಯ ಮೇಲೂ ಚೀಟಿಯಿಲ್ಲ, ಇಡೀ ಸೂಚೀಪತ್ರ ಒಂದೇ ತಲೆಯಲ್ಲಿ. ಗ್ರಂಥಾಲಯ ವಿಜ್ಞಾನಿಗಳು ಇದನ್ನು ಅಪಾಯಕಾರಿ ವ್ಯವಸ್ಥೆ ಎನ್ನಬಹುದು. ಒಡತಿಯರು ಇದನ್ನೇ ಅಧಿಕಾರ ಎನ್ನುತ್ತಾರೆ.

ಬಾಟಲಿಗೂ ಆಶ್ರಮಧರ್ಮವುಂಟು. ಅಂಗಡಿಯ ಕಪಾಟಿನಲ್ಲಿ ಬ್ರಹ್ಮಚರ್ಯ, ಫ್ರಿಜ್ಜಿನಲ್ಲಿ ತಣ್ಣೀರು ಹೊತ್ತು ಗಾರ್ಹಸ್ಥ್ಯ, ಬಚ್ಚಲಿನಲ್ಲಿ ಫಿನಾಯಿಲ್ ಹೊತ್ತು ವಾನಪ್ರಸ್ಥ. ಫಿನಾಯಿಲ್ ಕಂಡ ಬಾಟಲಿ ಮತ್ತೆ ಫ್ರಿಜ್ಜಿಗೆ ಮರಳುವಂತಿಲ್ಲ. ಈ ಒಂದು ವಿಧಿಯಲ್ಲಿ ಶಾಸ್ತ್ರ ನಗುವುದಿಲ್ಲ. ತಳದ ತ್ರಿಕೋನದಲ್ಲಿ 1 ಎಂಬ ಅಂಕೆಯಿದ್ದರೆ ಅದು ಪೆಟ್ ಪ್ಲಾಸ್ಟಿಕ್, ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುವ ಜಾತಿ. ಕುದಿಯುವ ಸಾರನ್ನು ಅದಕ್ಕೆ ಸುರಿದ ಹೊಸ ಸಂಸಾರಿಗಳ ಎದುರು ಬಾಟಲಿ ಸೊಂಟ ಮುರಿದುಕೊಂಡು ಕೂರುವುದು ಈ ಕಾರಣಕ್ಕೆ. ಕೊನೆಯದು ಸಂನ್ಯಾಸ: ನೀಲಿ ನೀರು ಧರಿಸಿ ಗೇಟಿನ ಮುಂದೆ ಕೂತು ಬೀದಿನಾಯಿಗಳನ್ನು ದೂರವಿಡುವುದು. ನಾಯಿಯ ಕಣ್ಣಿಗೆ ನೀಲಿ ಬಣ್ಣ ಚೆನ್ನಾಗಿ ಕಾಣುತ್ತದೆಂದು ವಿಜ್ಞಾನ ಹೇಳುತ್ತದೆ. ಕಾಣುವುದು ನಿಜ. ಕಂಡು, ಬಾಟಲಿಗೇ ಕಾಲೆತ್ತುತ್ತವೆ.

ಮಲೆನಾಡು, ಕೊಡಗಿನ ಶಾಖೆಯವರು ಜೇನುತುಪ್ಪವನ್ನು ವಿಸ್ಕಿ ಬಾಟಲಿಯಲ್ಲಿ ಇಡುತ್ತಾರೆ. ಮಡಿಯ ಅಜ್ಜಿಯರೂ ಇದಕ್ಕೆ ಆಕ್ಷೇಪವೆತ್ತಿದಂತಿಲ್ಲ. ಬಿಸಿನೀರಲ್ಲಿ ನೆನೆಸಿ ಲೇಬಲ್ ಕೆರೆದರೆ ಪ್ರಾಯಶ್ಚಿತ್ತ ಮುಗಿಯಿತು.

ಇನ್ನು ಕವರು. 1901ರಲ್ಲಿ ಬರ್ಟ್ರಂಡ್ ರಸೆಲ್ ಒಂದು ತೊಡಕಿಗೆ ಸಿಕ್ಕಿಬಿದ್ದ: ತಮ್ಮನ್ನು ತಾವು ಒಳಗೊಳ್ಳದ ಗಣಗಳ ಗಣವು ತನ್ನನ್ನು ಒಳಗೊಳ್ಳುತ್ತದೆಯೋ ಇಲ್ಲವೋ? ಉತ್ತರ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದೆ. ಕವರುಗಳನ್ನೆಲ್ಲ ತುರುಕಿಟ್ಟ ಕವರು ಅದು. ಹರಿದ ದಿನ ಒಳಗಿನದೊಂದು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುತ್ತದೆ. ಪಾಪ, ರಸೆಲ್‌ಗೆ ಮೊಳೆ ಹೊಳೆಯಲಿಲ್ಲ. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಈ ಸಂಗ್ರಹ ಕಸದಿಂದ ಪುರಾತತ್ತ್ವಕ್ಕೆ ಬಡ್ತಿ ಪಡೆದಿದೆ.

ಅರ್ಥಶಾಸ್ತ್ರದ ಒಂದು ಮಾತು ಸೇರಿಸದಿದ್ದರೆ ಗ್ರಂಥ ಅಪೂರ್ಣ. ಹಬ್ಬದ ಹೋಳಿಗೆಯನ್ನು ಯಾವುದರಲ್ಲಿ ಹಾಕಿಕೊಡುತ್ತಾರೆ ಎಂಬುದರಿಂದ ನೆಂಟಸ್ತಿಕೆಯ ಬೆಲೆ ತಿಳಿಯುತ್ತದೆ. ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಕೊಟ್ಟರೆ ನೀವು ಮತ್ತೆ ಬರಬೇಕು, ಬರುವಾಗ ಅದು ಬರಿದಾಗಿ ಬರಕೂಡದು, ಹಿಡಿ ಸಕ್ಕರೆಯಾದರೂ ಇರಬೇಕು. ಹೋಟೆಲಿನ ಪಾರ್ಸೆಲ್ ಡಬ್ಬಿಯಲ್ಲಿ ಕೊಟ್ಟು “ವಾಪಸ್ ಏನೂ ಬೇಡ ಬಿಡಿ” ಎಂದರೆ ಡಬ್ಬಿಯ ಜೊತೆಗೆ ನಿಮ್ಮನ್ನೂ ಕೈಬಿಟ್ಟರೆಂದು ತಿಳಿಯತಕ್ಕದ್ದು.

ಕೊನೆಗೆ ಪೂರ್ವಪಕ್ಷ. ಹೊಸ ಸೊಸೆ ಎತ್ತುವ ಆಕ್ಷೇಪ ಇದು: ಒಂದೇ ಅಳತೆಯ ಗಾಜಿನ ಜಾರ್ ಸೆಟ್ ತರಿಸಿ, ಚೀಟಿ ಅಂಟಿಸಿಟ್ಟರೆ ಈ ಶಾಸ್ತ್ರವೇ ಬೇಡವಲ್ಲ, ಅತ್ತೆ? ವಾದ ಬಲವಾದದ್ದೇ. ಅತ್ತೆ ಖಂಡಿಸಲಿಲ್ಲ. ಸೆಟ್ ಬಂತು, ಚೀಟಿಯೂ ಅಂಟಿತು. ಆದರೆ ಸೆಟ್ ಬಂದ ರಟ್ಟಿನ ಪೆಟ್ಟಿಗೆಯನ್ನು ಎಸೆಯಲು ಮನಸ್ಸಾಗದೆ ಅಟ್ಟಕ್ಕೇರಿಸಿದವಳು ಪೂರ್ವಪಕ್ಷಿಯೇ. ಅದರೊಳಗೆ, ಯಾವ ಡಬ್ಬಿಗೂ ಕೂರದಿದ್ದರೂ ಮುಂದೆಂದಾದರೂ ಬೇಕಾದೀತೆಂದು, ಮನೆಯ ಒಂಟಿ ಮುಚ್ಚಳಗಳನ್ನೆಲ್ಲ ಅಳತೆಪ್ರಕಾರ ಜೋಡಿಸಿಟ್ಟಿದ್ದಾಳೆ.