ಮೊದಲು ಕಳಿಸಿದವನನ್ನು ಹುಡುಕುವ ಮಹನೀಯರಿಗೆ

ದೆಹಲಿಯ ಮಾಹಿತಿ ತಂತ್ರಜ್ಞಾನ ಸಚಿವಾಲಯದ ದೊಡ್ಡವರೇ,

ಠಾಣೆಯ ಬೆಂಚಿನಿಂದ ಈಗಷ್ಟೇ ಎದ್ದು ಬಂದಿದ್ದೇನೆ. ಸೊಂಟ ಹಿಡಿದುಕೊಂಡಿದೆ, ವಿನಯ ಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

50 ಲಕ್ಷ ಮೀರಿ ಬಳಕೆದಾರರಿರುವ ಮೆಸೇಜಿಂಗ್ ಆ್ಯಪ್‌ಗಳು, ಆದೇಶ ಬಂದಾಗ, ಮೆಸೇಜನ್ನು ಮೊದಲು ಕಳಿಸಿದವನು ಯಾರೆಂದು ಹೇಳಬೇಕೆಂದು ತಾವು 2021ರಲ್ಲಿ ನಿಯಮ ತಂದಿರಿ. ಕಾರಣಗಳ ಪಟ್ಟಿಯಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳೂ ಇದ್ದವು. ವಾಟ್ಸ್ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಎನ್‌ಕ್ರಿಪ್ಶನ್ ಮುರಿಯಿರಿ ಎಂದರೆ ಗಂಟುಮೂಟೆ ಕಟ್ಟುತ್ತೇವೆ ಎಂದು 2024ರಲ್ಲಿ ಅದರ ವಕೀಲರು ಹೇಳಿದರು. ಆ ಕಂಪನಿಗಳ ಕಣ್ಣೀರನ್ನೂ ನಾನು ನಂಬುವವನಲ್ಲ, ಬಿಡಿ.

ಶುಭಸುದ್ದಿ ಏನೆಂದರೆ, ಮೊದಲು ಕಳಿಸಿದವನು ಸಿಕ್ಕಿದ್ದಾನೆ! ನನ್ನ ತಂಗಿಯ ಮಗಳ ಫೋನಿನಲ್ಲೇ ಇದ್ದಾನೆ, ನಂಬರು, ಡಿಪಿ, ಬೆದರಿಕೆ ಸಮೇತ. ಹದಿನಾಲ್ಕರ ಹುಡುಗಿಯ ಮುಖವನ್ನು ಇನ್ನಾರದೋ ಮೈಗೆ ಅಂಟಿಸಿ ಕಳಿಸಿದ್ದಾನೆ. ಎನ್‌ಕ್ರಿಪ್ಶನ್ ಬೀಗ ಇರುವುದು ದಾರಿಯಲ್ಲಿ ಮಾತ್ರ. ತಲುಪಿದ ಮೇಲೆ ಅವಳಿಗೆ ಕಂಡಷ್ಟೇ ಪೊಲೀಸರಿಗೂ ಕಾಣುತ್ತದೆ, ನೋಡುವ ಮನಸ್ಸಿದ್ದರೆ.

ಠಾಣೆಯಲ್ಲಿ ‘ಸೈಬರ್‌ಗೆ ಹೋಗಿ’ ಅಂದರು. ಸೈಬರ್‌ನವರು ‘ನಿಮ್ಮ ಏರಿಯಾ ಠಾಣೆಗೇ ಹೋಗಿ, ಇಲ್ಲಿ ಸರ್ವರ್ ಡೌನ್’ ಅಂದರು. ವಾಪಸ್ ಬಂದರೆ ‘ಹುಡುಗೀನ ಕರ್ಕೊಂಡ್ ಬನ್ನಿ.’ ಪೋಕ್ಸೊ ಕಾಯ್ದೆಯ ಪ್ರಕಾರ ಹೇಳಿಕೆ ಪಡೆಯಲು ಅವರೇ, ಯೂನಿಫಾರ್ಮ್ ಇಲ್ಲದೆ, ಮಗುವಿರುವಲ್ಲಿಗೆ ಬರಬೇಕು. ದೂರು ದಾಖಲಿಸದ ಪೊಲೀಸರಿಗೆ ಆರು ತಿಂಗಳವರೆಗೆ ಜೈಲು ಎಂದೂ ಅದರಲ್ಲಿದೆ. ಹೇಳಿದೆ. ಪೇದೆ ಮರುಕಪಟ್ಟು, ‘ಆ ಫೋಟೊ ನನ್ನ ವಾಟ್ಸ್ಆ್ಯಪ್‌ಗೆ ಹಾಕಿ ಸಾರ್, ಸಾಹೇಬ್ರಿಗೆ ಫಾರ್ವರ್ಡ್ ಮಾಡ್ತೀನಿ’ ಅಂದ.

ಹಾಕಿದ್ದರೆ, ಸ್ವಾಮಿ, ಠಾಣೆಯ ಮಟ್ಟಿಗೆ ಮೊದಲು ಕಳಿಸಿದವನು ನಾನೇ ಆಗುತ್ತಿದ್ದೆ!

ನಿಮ್ಮ ನಿಯಮದಂತೆ ಒಬ್ಬನನ್ನು ಹಿಡಿಯಲು ಎಲ್ಲರ ಮೆಸೇಜಿಗೂ ಗುರುತು ಹಾಕಬೇಕು, ನಾಳೆ ಯಾವುದು ಬೇಕಾದೀತೆಂದು ಇವತ್ತು ಯಾರಿಗೂ ಗೊತ್ತಿರುವುದಿಲ್ಲವಲ್ಲ. ಆ ಹುಡುಗಿ ಅಪ್ಪ ಅಮ್ಮನಿಗೆ ಹೆದರಿ, ಚಿಕ್ಕಮ್ಮನಿಗೆ ಎಲ್ಲ ಹೇಳಿಕೊಂಡದ್ದೂ ಅದೇ ವಾಟ್ಸ್ಆ್ಯಪ್‌ನಲ್ಲಿ. ಅದಕ್ಕೂ ಗುರುತು ಹಾಕುತ್ತೀರಾ? ಕೈಗೇ ತಂದುಕೊಟ್ಟ ನಂಬರನ್ನು ಮುಟ್ಟದವರಿಗೆ ಊರವರ ಕೀಲಿಕೈ ಯಾಕೆ ಬೇಕು?

ಆ ಸಿಮ್ ಯಾರ ಹೆಸರಿನಲ್ಲಿದೆ ಎಂದು ಮೊಬೈಲ್ ಕಂಪನಿಗೆ ಒಂದು ಪತ್ರ ಬರೆಸಿ. ಸರ್ವರ್ ಡೌನ್ ಆಗಿದ್ದರೆ ಕೈಯಲ್ಲೇ ಬರೆಸಿ, ಪೋಸ್ಟಿನ ಖರ್ಚು ನನ್ನದು.

ಇತಿ,
ನಾಳೆ ಮತ್ತೆ ಬನ್ನಿ ಎನ್ನಿಸಿಕೊಂಡ ಸೋದರಮಾವ